ಕರುವಿಗೆ ಹೆಸರು ಕೇಳಿದ್ದೆಯಲ್ಲ ಅಮ್ಮ

ಬರ್ಲಿನ್
16 ನವೆಂಬರ್ 2025, ಭಾನುವಾರ

ಪ್ರೀತಿಯ ಅಮ್ಮನಿಗೆ,

ನಾವು ಮೂವರೂ ಕ್ಷೇಮ. ನೀನು, ಅಪ್ಪಯ್ಯ, ತಮ್ಮ, ಅವನ ಹೆಂಡತಿ, ಕೊಟ್ಟಿಗೆಯವರು ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ. ಕಾಗದ ಬಂತೆಂದು ಗಾಬರಿಯಾಗಬೇಡ, ಏನೂ ಆಗಿಲ್ಲ. ಕೈಯಲ್ಲಿ ಬರೆದು ಎಷ್ಟು ವರ್ಷವಾಯಿತೋ, ಅಕ್ಷರ ಕೋಳಿ ಕೆದರಿದ ಹಾಗಿದೆ. ಆದರೂ ಇದನ್ನು ಪೆನ್ನಿನಲ್ಲೇ ಬರೆಯಬೇಕು ಅನ್ನಿಸಿತು. ಹೋದ ಭಾನುವಾರ ನೀನು ಫೋನಿನಲ್ಲಿ "ಆ ಟಕಟಕ ಕುಟ್ಟೋದು ಮುಗಿಸು ಮಾರಾಯ್ತಿ, ಆಮೇಲೆ ಮಾತಾಡೋಣ" ಎಂದು ಇಟ್ಟುಬಿಟ್ಟೆ. ಕೀಬೋರ್ಡಿನ ಸದ್ದು ಅಲ್ಲಿಯವರೆಗೂ ಕೇಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಪೆನ್ನಾದರೆ ಸದ್ದಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ದೀಪಾವಳಿಯ ದೊಡ್ಡಬ್ಬದ ದಿನದ್ದು. ಅಲ್ಲಿ ಬೆಳಿಗ್ಗೆ ಒಂಬತ್ತೂವರೆ, ಇಲ್ಲಿ ಆರು. ತಮ್ಮ ವೀಡಿಯೊ ಹಚ್ಚಿದ್ದ. ದನಗಳ ಕೊರಳಲ್ಲಿ ಚೆಂಡುಹೂವು, ಅಡಿಕೆ ಸರ, ಪಚ್ಚೆತೆನೆ. ನನ್ನ ಪರದೆಯ ಅರ್ಧದಲ್ಲಿ ಗೋಪೂಜೆ. ಇನ್ನರ್ಧದಲ್ಲಿ ಬೆಂಗಳೂರಿನ ಒಂದು ಸೀರೆ ಅಂಗಡಿಯ ವೆಬ್‌ಸೈಟು. ಹಬ್ಬದ ಆಫರ್ ಹಾಕಿದ್ದರು, ಒತ್ತಬೇಕಾದ ಬಟನ್ನೇ ಕೆಲಸ ಮಾಡುತ್ತಿರಲಿಲ್ಲ. ನೀನು ಹೊಸ ಕರುವನ್ನು ಎದುರಿಗೆ ಹಿಡಿದು "ಏನು ಹೆಸರಿಡೋಣ ಹೇಳೇ" ಎಂದು ಕೇಳಿದೆಯಂತೆ. ನಾನು "ಓಕೆ, ಕಳಿಸಿ, ನೋಡ್ತೇನೆ" ಎಂದೆನಂತೆ. ಅಂದಿನಿಂದ ತಮ್ಮ ಆ ಕರುವನ್ನು "ಓಕೆ" ಎಂದೇ ಕರೆಯುತ್ತಿದ್ದಾನೆ. ಅವನು ಹೇಳಿದಾಗ ನಾನೂ ನಕ್ಕೆ. ಫೋನಿಟ್ಟ ಮೇಲೆ ಮಾತ್ರ ಹೊಟ್ಟೆಯಲ್ಲಿ ಒಂಥರಾ ಆಯಿತು.

ನಾನು ಏನು ಕೆಲಸ ಮಾಡುತ್ತೇನೆ ಎಂದು ನೀವಿಬ್ಬರೂ ಎಷ್ಟು ಸಲ ಕೇಳಿದ್ದೀರಿ. ನಾನು ಸರಿಯಾಗಿ ಹೇಳಿಯೇ ಇಲ್ಲ. "ಫ್ರೀಲ್ಯಾನ್ಸ್" ಎಂದು ಹೇಳಿ ಮುಗಿಸಿದ್ದೇನೆ. ಅಂದರೆ ಯಾರ ನೌಕರಿಯೂ ಇಲ್ಲದೆ, ಬೇರೆಬೇರೆಯವರಿಗೆ ಲೇಖನ ಬರೆದು, ವೆಬ್‌ಸೈಟು ಡಿಸೈನ್ ಮಾಡಿಕೊಟ್ಟು, ಕೆಲಸಕ್ಕಿಷ್ಟು ಎಂದು ದುಡ್ಡು ತೆಗೆದುಕೊಳ್ಳುವುದು. ಆ ಪದದಲ್ಲಿ ಫ್ರೀ ಇರುವುದರಿಂದ ಕೆಲವು ಗಿರಾಕಿಗಳೂ ಪುಕ್ಕಟೆ ಎಂದೇ ತಿಳಿದಿದ್ದಾರೆ, ಅದು ಬೇರೆ ಕತೆ.

ಊರಲ್ಲಿ ಅಡಿಕೆ ಕೊಯ್ಲು ಶುರುವಾಗಿರಬೇಕು, ಅಲ್ವಾ? ಮರ ಹತ್ತಿ ಕೊನೆ ಇಳಿಸಲು ಕೊನೆಗೌಡರು ಬಂದರಾ? ಇಲ್ಲ, ಈ ಸಲವೂ "ನಾಳೆ ಖಂಡಿತ" ಎಂದು ಮೂರು ಮನೆಗೆ ಹೇಳಿ ನಾಲ್ಕನೆಯ ಮನೆಗೆ ಹೋದರಾ? ಅಪ್ಪಯ್ಯ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ಚಿಕ್ಕವಳಿದ್ದಾಗ ನಾನೂ ಅವರನ್ನು ಬೈದವಳೇ. ಅಮ್ಮ, ಈಗ ನಾನೇ ಇಲ್ಲಿಯ ಕೊನೆಗೌಡ. ಅವರಿಗೆ ತಿಂಗಳ ಸಂಬಳವಿಲ್ಲ, ಇಳಿಸಿದ ಕೊನೆಗೆ ಲೆಕ್ಕ. ನನಗೂ ಹಾಗೇ. ಅವರು ಸೀಸನ್ನಿನಲ್ಲಿ ಎಲ್ಲರಿಗೂ ಒಂದೇ ದಿನ ಬೇಕು, ಸೀಸನ್ ಮುಗಿದರೆ ಯಾರಿಗೂ ಬೇಡ. ಒಬ್ಬರಿಗೆ ಆಗೋಲ್ಲ ಎಂದರೆ ಮುಂದಿನ ವರ್ಷ ಆ ಮನೆಯವರು ಬೇರೆಯವರನ್ನು ಹಿಡಿಯುತ್ತಾರೆ. ಅದಕ್ಕೇ ಎಲ್ಲರಿಗೂ "ಹ್ಞೂಂ". ಅವರು ಸುಳ್ಳು ಹೇಳುತ್ತಿರಲಿಲ್ಲ, ಹೆದರುತ್ತಿದ್ದರು ಎಂದು ನನಗೆ ಈಗ ಗೊತ್ತಾಗಿದೆ.

ಆದರೆ ಕತ್ತಲಾದ ಮೇಲೆ ಅವರಿಗೆ ಯಾರೂ ಮರ ಹತ್ತು ಅನ್ನುವುದಿಲ್ಲ. ಮಳೆಗೆ ಮರ ಜಾರುತ್ತಿದ್ದರೂ ಅನ್ನುವುದಿಲ್ಲ. ನನ್ನ ಮರಕ್ಕೆ ಕತ್ತಲೂ ಇಲ್ಲ, ಮಳೆಯೂ ಇಲ್ಲ.

ಬೆಂಗಳೂರಿನವರು ಹತ್ತಕ್ಕೆ ಆಫೀಸು ತೆರೆದರೆ ಇಲ್ಲಿ ಈಗ ಐದೂವರೆ. ಅಕ್ಟೋಬರಿನ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ತಾಸು ಹಿಂದೆ ತಿರುಗಿಸುತ್ತಾರೆ. ಒಂದು ತಾಸು ನಿದ್ದೆ ಜಾಸ್ತಿ ಎಂದು ಊರಿಗೆಲ್ಲ ಖುಷಿ. ನನಗೆ ಮಾತ್ರ ಬೆಂಗಳೂರು ಒಂದು ತಾಸು ಮೊದಲೇ ಬಂದು ಬಾಗಿಲು ಬಡಿಯಿತು. ಆಮೇಲೆ ಬರ್ಲಿನ್ನಿನವರು, ಒಂಬತ್ತರಿಂದ ಐದು. ಸಂಜೆ ಆರಕ್ಕೆ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಬೆಳಿಗ್ಗೆ ಒಂಬತ್ತು. ಅಲ್ಲಿಯ ಒಂದು ಕಂಪನಿಗೆ ವಾರಕ್ಕೆ ಮೂರು ಲೇಖನ ಬರೆದುಕೊಡುತ್ತಿದ್ದೆ. ಹೀಗೆ ದಿನಕ್ಕೆ ಮೂರು ಸಲ ಬೆಳಗಾಗುತ್ತಿತ್ತು. ಸಂಜೆ ಅನ್ನುವುದೇ ಇರಲಿಲ್ಲ.

ಇಷ್ಟಾದರೂ ಬರೆಯುವುದು, ಡಿಸೈನ್ ಮಾಡುವುದು ಎರಡೂ ಸೇರಿ ದಿನಕ್ಕೆ ಐದು ತಾಸಾದರೆ ಹೆಚ್ಚು. ಉಳಿದದ್ದೆಲ್ಲ ಬಿಲ್ಲು ಕಳಿಸುವುದು, ಆ ಬಿಲ್ಲಿನ ದುಡ್ಡು ಕೇಳುವುದು, ಕೇಳಿದ್ದಕ್ಕೆ ಬೇಜಾರಾಗಬೇಡಿ ಎಂದು ಇನ್ನೊಂದು ಮೇಲ್ ಬರೆಯುವುದು. ಮತ್ತೆ "ಇನ್ನೊಂದೇ ಒಂದು ಸಣ್ಣ ಬದಲಾವಣೆ". ಲೋಗೋ ಸ್ವಲ್ಪ ದೊಡ್ಡದಾಗಬೇಕು. ಆಯಿತು. ಈಗ ಜಾಸ್ತಿ ದೊಡ್ಡದಾಯಿತು. ಸಣ್ಣದು ಮಾಡಿದೆ. ಮೊದಲಿನದೇ ಚೆನ್ನಾಗಿತ್ತು. ನೆಂಟರು ಹೊರಟು ನಿಂತು ಬಾಗಿಲಲ್ಲಿ ಮುಕ್ಕಾಲು ತಾಸು ಮಾತಾಡುತ್ತಾರಲ್ಲ, ಹಾಗೆ. ಈಗ ಮೊದಲೇ ಕಾಗದದಲ್ಲಿ ಹಾಕುತ್ತೇನೆ: ಮೂರು ಸಲ ತಿದ್ದಿಕೊಡುತ್ತೇನೆ, ನಾಲ್ಕನೆಯದಕ್ಕೆ ತಾಸಿನ ಲೆಕ್ಕ. ಅದನ್ನು ಬರೆದ ದಿನದಿಂದ ನಾಲ್ಕನೆಯ ಬದಲಾವಣೆ ಯಾರಿಗೂ ನೆನಪಾಗುತ್ತಿಲ್ಲ.

ಕೆಲಸ ಕೆಟ್ಟದೆಂದು ತಿಳಿಯಬೇಡ. ಕೆಲವು ದಿನ ತುಂಬ ಹಿಡಿಸುತ್ತದೆ. ಮೊನ್ನೆ ಒಂದು ಕನ್ನಡ ವೆಬ್‌ಸೈಟು ಕೈಗೆ ಬಂತು. ಯಾರೋ ಇಂಗ್ಲಿಷ್ ಅಕ್ಷರಕ್ಕೆಂದು ಮಾಡಿದ ಅಳತೆಯಲ್ಲೇ ಕನ್ನಡ ತುಂಬಿಸಿದ್ದರು. ಇಂಗ್ಲಿಷಿಗೆ ಕೆಳಗೆ ಅಷ್ಟು ಜಾಗ ಬೇಡ. ನಮ್ಮ ಒತ್ತಕ್ಷರ ಕೆಳಗೆ ನೇತಾಡುತ್ತದಲ್ಲ, ಅದು ಪೂರ್ತಿ ಕತ್ತರಿಸಿಹೋಗಿತ್ತು. ತಲೆಬರಹದಲ್ಲಿ "ಅಮ್ಮನ ಕೈರುಚಿ" ಇದ್ದದ್ದು "ಅಮನ ಕೈರುಚಿ" ಆಗಿತ್ತು. ಸಾಲಿನ ನಡುವೆ ಸ್ವಲ್ಪ ಜಾಗ ಬಿಟ್ಟೆ, ಅಷ್ಟೇ, ಒತ್ತು ವಾಪಸ್ ಬಂತು. ಹತ್ತು ನಿಮಿಷದ ಕೆಲಸ. ಅದನ್ನು ಸುಮ್ನೆ ಐದು ಸಲ ತೆರೆದು ನೋಡಿದೆ.

ಬೇಸಿಗೆಯಲ್ಲಿ ನಮ್ಮ ಕಸುಬಿನವರಿಗೆ ಇಲ್ಲಿ ಸುಗ್ಗಿ. ಜೂನ್ 28ರಿಂದ ಜರ್ಮನಿಯಲ್ಲಿ ಒಂದು ಹೊಸ ಕಾನೂನು ಬಂತು. ಆನ್‌ಲೈನಿನಲ್ಲಿ ಮಾರಾಟ ಮಾಡುವ ಅಂಗಡಿಗಳ ವೆಬ್‌ಸೈಟುಗಳನ್ನು ಕಣ್ಣು ಕಾಣದವರೂ, ಮೌಸ್ ಹಿಡಿಯಲಾಗದವರೂ ಬಳಸುವಂತಿರಬೇಕು. ತೀರಾ ಸಣ್ಣವರಿಗೆ ವಿನಾಯಿತಿ ಇದೆ. ಅಕ್ಷರಕ್ಕೂ ಅದರ ಹಿಂದಿನ ಬಣ್ಣಕ್ಕೂ ಇಷ್ಟು ವ್ಯತ್ಯಾಸ ಇರಬೇಕು ಎಂದು ಲೆಕ್ಕವೇ ಇದೆ, ಮಾಮೂಲಿ ಅಕ್ಷರಕ್ಕೆ 4.5ಕ್ಕೆ 1. ಬಿಳಿಯ ಮೇಲೆ ತಿಳಿ ಬೂದಿ ಬಣ್ಣದಲ್ಲಿ ಬರೆಯುವ ಚಟ ನಮ್ಮ ಡಿಸೈನರುಗಳಿಗೆ ಇದೆ, ನನಗೂ ಇತ್ತು. ಕನ್ನಡಕ ಹಣೆಗೇರಿಸಿ ಫೋನನ್ನು ಮೂಗಿಗೆ ಹಿಡಿದು "ಇದೇನು ಮಸುಕು ಮಸುಕು" ಎಂದು ನೀನು ಗೊಣಗುವುದು ನೆನಪಾಗಿ ಎಲ್ಲ ಕಪ್ಪು ಮಾಡಿದೆ. ಏಳು ವಾರ ಒಂದು ಭಾನುವಾರವೂ ಬಿಡದೆ ದುಡಿದೆ. ದುಡ್ಡು ಬಂತು. ಬೆನ್ನುನೋವೂ ಬಂತು.

ಬರವಣಿಗೆಯ ಕಡೆ ಅಷ್ಟು ಚೆನ್ನಾಗಿಲ್ಲ. ಮೊದಲು ಲೇಖನ ಬರೆಸುತ್ತಿದ್ದವರು ಈಗ ಯಂತ್ರದಿಂದ ಬರೆಸಿ, "ಸ್ವಲ್ಪ ತಿದ್ದಿಕೊಡಿ" ಎಂದು ಅರ್ಧ ರೇಟಿಗೆ ಕಳಿಸುತ್ತಾರೆ. ಕೆಟ್ಟ ಬರಹ ತಿದ್ದುವುದಕ್ಕೆ ಹೊಸದಾಗಿ ಬರೆಯುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಹಾಗೆ ಹೇಳಿದರೆ ಇನ್ನೊಬ್ಬರನ್ನು ಹುಡುಕುತ್ತಾರೆ. ಈ ಭಯವೇ ನನ್ನನ್ನು ರಾತ್ರಿ ಕೂರಿಸುತ್ತಿದ್ದದ್ದು ಅಮ್ಮ, ಆಸೆ ಅಲ್ಲ.

ಅಪ್ಪಯ್ಯ ಪ್ರತಿ ಸಲವೂ ಕೇಳುವುದು "ಪಿಎಫ್ ಇದೆಯಾ" ಎಂದು. ಅವರಿಗೆ ಇದನ್ನು ಓದಿ ಹೇಳು. ಇಲ್ಲಿ ಬರೆಯುವವರಿಗೆ, ಚಿತ್ರ ಮಾಡುವವರಿಗೆ, ಹಾಡುವವರಿಗೆ ಎಂದೇ ಒಂದು ಸರ್ಕಾರಿ ವಿಮೆ ವ್ಯವಸ್ಥೆ ಇದೆ, 1983ರಿಂದ. ಹೆಸರು ಕ್ಯುನ್ಸ್ಟ್‌ಲರ್‌ಜೋತ್ಸಿಯಾಲ್‌ಕಾಸ್ಸೆ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಅಪ್ಪಯ್ಯ ಒಂದು ಕವಳ ಹಾಕಿ ಉಗಿದು ಬರಬಹುದು. ನೌಕರಿ ಇದ್ದವರಿಗೆ ಆರೋಗ್ಯ ವಿಮೆ, ಪಿಂಚಣಿಯ ಅರ್ಧ ಕಂತನ್ನು ಕಂಪನಿ ಕಟ್ಟುತ್ತದೆ. ನಮಗೆ ಕಂಪನಿ ಇಲ್ಲವಲ್ಲ, ಆ ಅರ್ಧವನ್ನು ಇವರು ಕಟ್ಟುತ್ತಾರೆ. ಸಮುದ್ರದ ದಡದ ವಿಲ್ಹೆಲ್ಮ್ಸ್‌ಹಾಫನ್ ಎಂಬ ಊರಲ್ಲಿ ಅವರ ಕಚೇರಿ. ಸುಮ್ನೆ ಸೇರಿಸಿಕೊಳ್ಳುವುದಿಲ್ಲ. ವರ್ಷಕ್ಕೆ 3,900 ಯೂರೋ ಆದರೂ ಈ ಕೆಲಸದಿಂದಲೇ ಉಳಿಯುತ್ತದೆ ಎಂದು ತೋರಿಸಬೇಕು. ಕಟ್ಟು ಕಟ್ಟು ಬಿಲ್ಲು ಕಳಿಸಿ, ತಿಂಗಳುಗಟ್ಟಲೆ ಕಾದು ಸೇರಿದೆ. ಹಾಗಾಗಿ ಇದೆ ಅಪ್ಪಯ್ಯ, ಪಿಎಫ್ ಥರದ್ದು ಒಂದು ಇದೆ. ತೆರಿಗೆಗೆಂದು ಪ್ರತಿ ಬಿಲ್ಲಿನಲ್ಲೂ ಮೂರನೇ ಒಂದು ಪಾಲು ಬೇರೆ ಖಾತೆಗೆ ಹಾಕಿಬಿಡುತ್ತೇನೆ. ಮ್ಯಾಮ್ಕೋಸ್ ಸಂಘಕ್ಕೆ ಹಾಕಿದ ಅಡಿಕೆಯ ದುಡ್ಡು ಬಂದ ದಿನವೇ ಸೊಸೈಟಿ ಸಾಲದ ಕಂತು ತೆಗೆದಿಟ್ಟು ಆಮೇಲೆ ಸಂತೆಗೆ ಹೋಗುತ್ತಿದ್ದಿರಲ್ಲ, ಅಲ್ಲಿ ಕಲಿತದ್ದು.

ರಜೆ ಮಾತ್ರ ಇಲ್ಲ. ವಾರಕ್ಕೆ ಐದು ದಿನ ದುಡಿಯುವ ನೌಕರನಿಗೆ ವರ್ಷಕ್ಕೆ ಕಡಿಮೆಯೆಂದರೂ 20 ದಿನ ಸಂಬಳದ ರಜೆ ಎಂದು ಇಲ್ಲಿ ಕಾನೂನಿದೆ. ನಿನ್ನ ಅಳಿಯ ಒಂದು ದಿನವನ್ನೂ ಬಿಡುವುದಿಲ್ಲ. ಸಂಜೆ ಆಫೀಸು ಬಿಡುವಾಗ ಇಲ್ಲಿಯವರು ಒಬ್ಬರಿಗೊಬ್ಬರು "ಶೋನೆನ್ ಫಾಯರ್‌ಆಬೆಂಟ್" ಎನ್ನುತ್ತಾರೆ. ಕೆಲಸ ಮುಗಿದ ಹೊತ್ತಿಗೆ ಹೇಳುವ ಮಾತು. ಪದ ಬಿಡಿಸಿದರೆ ಹಬ್ಬದ ಸಂಜೆ ಎಂದಾಗುತ್ತದೆ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಗೋಡೆಗೆ ಮೊಳೆ ಹೊಡೆದರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಭಾನುವಾರ ಬಿಡುವಿನ ದಿನ ಎಂದು 1919ರ ಸಂವಿಧಾನದಲ್ಲಿ ಬರೆದದ್ದನ್ನು ಈಗಿನ ಸಂವಿಧಾನದಲ್ಲೂ ಉಳಿಸಿಕೊಂಡಿದ್ದಾರೆ. ಇಂಥ ಊರಲ್ಲಿ ಕೂತು ನಾನೊಬ್ಬಳು ಭಾನುವಾರ ಟಕಟಕ ಕುಟ್ಟುತ್ತಿದ್ದೆ.

ನೀನು ಫೋನಿಟ್ಟ ರಾತ್ರಿ ನಾವಿಬ್ಬರೂ ಲೆಕ್ಕ ಹಾಕಿದೆವು. ಸ್ಯಾನ್‌ಫ್ರಾನ್ಸಿಸ್ಕೋದ ಕೆಲಸ ಬಿಟ್ಟರೆ ತಿಂಗಳ ವರಮಾನದ ಕಾಲು ಭಾಗ ಹೋಗುತ್ತದೆ. ನಿನ್ನ ಅಳಿಯ ಮಾತಾಡಲಿಲ್ಲ, ಎರಡು ಸಲ ಚಹ ಮಾಡಿದರು. ಆಮೇಲೆ "ಮನೆ ಬಾಡಿಗೆಗೆ ತೊಂದರೆ ಇಲ್ಲ, ಸೋಫಾ ಮುಂದಿನ ವರ್ಷ" ಎಂದರು. ಮರುದಿನ ಮೇಲ್ ಬರೆದೆ. ಮೂರು ಸಾಲಿನ ಮೇಲಿಗೆ ಒಂದು ತಾಸು ಹಿಡಿಯಿತು. ಅವರಿಂದ ಬಂದದ್ದು ಒಂದು ಹೆಬ್ಬೆಟ್ಟಿನ ಚಿತ್ರ. ಇಷ್ಟಕ್ಕಾ ನಾನು ಎರಡು ವರ್ಷ ಹೆದರಿದ್ದು ಅನ್ನಿಸಿತು.

ಈಗ ಸಂಜೆ ಆರಕ್ಕೆ ಲ್ಯಾಪ್‌ಟಾಪನ್ನು ಅಡುಗೆಮನೆಯ ಕಪಾಟಿನಲ್ಲಿ ಅಕ್ಕಿ ಡಬ್ಬದ ಹಿಂದೆ ಇಡುತ್ತೇನೆ. ಎರಡು ಕೋಣೆಯ ಮನೆಯಲ್ಲಿ ಬೇರೆ ಜಾಗವಿಲ್ಲ. ಡಬ್ಬ ಸರಿಸಿ ತೆಗೆಯುವಷ್ಟರಲ್ಲಿ ನಾಚಿಕೆಯಾಗಿ ವಾಪಸ್ ಬರಲಿ ಎಂದು. ಗುರುವಾರ ರಾತ್ರಿ ಹನ್ನೊಂದಕ್ಕೆ ನಾಚಿಕೆ ಬಿಟ್ಟು ತೆಗೆದೆ, ಸುಳ್ಳು ಹೇಳುವುದಿಲ್ಲ. ಉಳಿದ ದಿನ ಡಬ್ಬ ಗೆದ್ದಿದೆ. ನವೆಂಬರಿನಲ್ಲಿ ನಾಲ್ಕೂಕಾಲಿಗೇ ಕತ್ತಲಾಗುತ್ತದೆ. ಪುಟ್ಟಿಯನ್ನು ಶಿಶುವಿಹಾರದಿಂದ ಕರೆತಂದು ಇಬ್ಬರೂ ನೆಲದ ಮೇಲೆ ಕೂತು ಅವರೆಕಾಳು ಬದಲು ಬಟಾಣಿ ಬಿಡಿಸುತ್ತೇವೆ. ಅರ್ಧ ಅವಳ ಬಾಯಿಗೆ.

ಫೆಬ್ರವರಿಯಲ್ಲಿ ಸಾಗರದ ಮಾರಿಜಾತ್ರೆಗೆ ಬರುತ್ತಿದ್ದೇವೆ. ಟಿಕೆಟ್ ಆಗಿದೆ. ಮೂರು ವರ್ಷಕ್ಕೊಮ್ಮೆ ಬರುವ ಜಾತ್ರೆ, 2023ರಲ್ಲಿ ಒಂದು ವೆಬ್‌ಸೈಟಿನ ಕಾರಣಕ್ಕೆ ತಪ್ಪಿಸಿಕೊಂಡೆ. ಆ ವೆಬ್‌ಸೈಟು ಈಗ ಇಲ್ಲವೇ ಇಲ್ಲ, ಅಂಗಡಿಯೇ ಮುಚ್ಚಿತು. ಲ್ಯಾಪ್‌ಟಾಪ್ ತರುವುದಿಲ್ಲ ಎಂದು ಮಾತು ಕೊಡಲಾರೆ. ದಿನಕ್ಕೆ ಒಂದು ತಾಸು ಸಿಗ್ನಲ್ ಸಿಗುವ ಗುಡ್ಡ ಹತ್ತುತ್ತೇನೆ. ತಿಂಡಿಗೆ ಮೊದಲು ಹೋಗಿ ಬಿಸಿಲೇರುವಷ್ಟರಲ್ಲಿ ಇಳಿಯುತ್ತೇನೆ. ಮನೆಯೊಳಗೆ ಟಕಟಕ ಇಲ್ಲ.

ಕರುವಿನ ವಿಷಯ. ತಮ್ಮ ಕಳಿಸಿದ ಫೋಟೊ ನೆನ್ನೆ ಸರಿಯಾಗಿ ನೋಡಿದೆ. ಹಣೆಯ ಮೇಲೆ ಬಿಳಿ ಬೊಟ್ಟು ಇದೆ, ಅದನ್ನು ತೋರಿಸಲೆಂದೇ ನೀನು ಅಷ್ಟು ಹತ್ತಿರ ಹಿಡಿದಿದ್ದೆ ಅಲ್ವಾ? ಚುಕ್ಕಿ ಎಂದು ಕರೆದರೆ ಹೇಗೆ? ಪುಟ್ಟಿಗೆ ಮಾತ್ರ ಒಪ್ಪಿಗೆಯಿಲ್ಲ. "ಅದರ ಹೆಸರು ಓಕೆ ಅಲ್ವಾ, ಮಾಮ ಹೇಳಿದ್ದಾನೆ" ಎನ್ನುತ್ತಾಳೆ. ಹಾಲು ಕರೆಯುವ ಹೊತ್ತಿಗೆ ನೀನು ಎರಡೂ ಹೆಸರು ಕೂಗಿ ನೋಡು. ಯಾವುದಕ್ಕೆ ಕಿವಿ ನಿಮಿರಿಸುತ್ತದೋ ಅದೇ ಇರಲಿ.

ನಿನ್ನ ಮಗಳು