ನಿಂತುಹೋದರೆ ಎಂದು ಬರೆದಿದ್ದೆಯಲ್ಲ

ನಾಪೋಕ್ಲು, ಕೊಡಗು,
ಕಾಫಿಯ ಹೂಮಳೆ ಬಿದ್ದ ಮೂರನೆಯ ದಿನ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಕೈಸೇರಿ ಎಂಟು ದಿನವಾಯಿತು. ಹಳೆಯ ಕಾರಿನ ಕಥೆಯನ್ನು ನಿನ್ನ ಅಮ್ಮ ಫೋನಿನಲ್ಲಿ ಎರಡು ಸಲ ಹೇಳಿದ್ದಾಳೆ, ಅದನ್ನು ಇಲ್ಲಿ ಮತ್ತೆ ಕೆದಕುವುದಿಲ್ಲ. ಕೈಯಲ್ಲಿರುವುದು ನಾಲ್ಕೂವರೆ ಲಕ್ಷ, ಅಷ್ಟರೊಳಗೆ ಓಡಿಸಲು ಮಜವಾಗಿರುವ ಒಂದು ಸೆಕೆಂಡ್ ಹ್ಯಾಂಡ್ ಕಾರು ಬೇಕು, ಸುಮ್ಮನೆ ಮಂಗಳೂರಿನಿಂದ ಮನೆಗೆ ತಲುಪಿಸುವ ಡಬ್ಬಿ ಬೇಡ ಎಂದು ನೀನು ಬರೆದಿದ್ದ ಮೊದಲ ಎರಡು ಪುಟಗಳನ್ನು ನಾನು ನಗುತ್ತಲೇ ಓದಿದೆ. ಮೂರನೆಯ ಪುಟದ ಕೊನೆಗೆ, ಜಾಗವಿಲ್ಲದೆ ಅಂಚಿನಲ್ಲಿ ಅಡ್ಡವಾಗಿ ಬರೆದಿದ್ದ ಆ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ: “ನಾನೇ ಇಷ್ಟಪಟ್ಟು ತೆಗೆದುಕೊಂಡ ಕಾರು ರಾತ್ರಿ ಹೊತ್ತು ಘಾಟಿಯಲ್ಲಿ ನಿಂತುಹೋದರೆ ತಪ್ಪು ನನ್ನದೇ ಆಗುತ್ತದಲ್ಲ ದೊಡ್ಡಮ್ಮ, ಅದೊಂದೇ ಹೆದರಿಕೆ.”

ಬರೀ ಕಾರು ನಿಲ್ಲುವ ಹೆದರಿಕೆಯಾಗಿದ್ದರೆ ನಾನು ಕಾಗದ ಬರೆಯುತ್ತಿರಲಿಲ್ಲ, ಒಳ್ಳೆಯ ಮೆಕ್ಯಾನಿಕ್ ಒಬ್ಬರ ನಂಬರು ಕಳುಹಿಸಿ ಸುಮ್ಮನಾಗುತ್ತಿದ್ದೆ. ಆದರೆ ನಿಂತ ಮೇಲೆ ಬರುವ ಮಾತಿಗೆ ನೀನು ಈಗಲೇ ಹೆದರಿ ಕುಳಿತಿದ್ದೀಯೆ. ಆ ಹೆದರಿಕೆಯ ಪರಿಚಯ ನನಗೆ ಚೆನ್ನಾಗಿ ಇದೆ.

1988ರ ಏಪ್ರಿಲ್‌ನಲ್ಲಿ ನಿನ್ನ ಅಜ್ಜಿಯ ಕಣ್ಣಿನ ಪೊರೆಯ ಆಪರೇಷನ್ ಮುಗಿಸಿಕೊಂಡು ಮಂಗಳೂರಿನಿಂದ ನಾನೇ ಕಾರು ಓಡಿಸಿಕೊಂಡು ಬರುತ್ತಿದ್ದೆ. ಸುಳ್ಯ ದಾಟುವಾಗಲೇ ನಡುಮಧ್ಯಾಹ್ನ. ಸಂಪಾಜೆಯಲ್ಲಿ ಚಹಾ ಕುಡಿದು ಘಾಟಿಯ ಏರು ಹಿಡಿದೆವು. ಕೊಯನಾಡು ಕಳೆದು ಜೋಡುಪಾಲದ ಕಡೆಗೆ ತಿರುಗುವ ಹೊತ್ತಿಗೆ ಮುಂದೊಂದು ಮರದ ಲಾರಿ ಸಿಕ್ಕಿತು, ಅದರ ಹಿಂದೆ ಮೊದಲನೆಯ ಗೇರಿನಲ್ಲಿ ತೆವಳಿ ತೆವಳಿ ಎಂಜಿನ್ ಕಾದು, ಎರಡು ಸಲ ಕೆಮ್ಮಿದಂತೆ ಮಾಡಿ ನಿಂತೇಬಿಟ್ಟಿತು. ಆಗಿನ ಕಾರುಗಳಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿನ ಪಕ್ಕಕ್ಕೇ ಅಂಟಿಕೊಂಡಿರುತ್ತಿತ್ತು. ಬಿಸಿ ಹೆಚ್ಚಾದರೆ ಕೊಳವೆಯೊಳಗಿನ ಪೆಟ್ರೋಲು ಆವಿಯಾಗುತ್ತಿತ್ತು, ಆ ಪಂಪಿಗೆ ಆವಿಯನ್ನು ಎಳೆದುಕೊಳ್ಳುವ ಶಕ್ತಿ ಇರಲಿಲ್ಲ. ಇದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಂದು ತಿಳಿದದ್ದು ಇಷ್ಟೇ, ಅಮ್ಮ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹಿಂದೆ ಕುಳಿತಿದ್ದಾಳೆ, ಗಾಡಿ ನನ್ನ ಕೈಯಲ್ಲಿ ನಿಂತಿದೆ.

ಆ ಲಾರಿಯವರೇ ಮೇಲೆ ನಿಲ್ಲಿಸಿ ಇಳಿದು ಬಂದರು. ಹೆಗಲ ಮೇಲಿನ ಬೈರಾಸು ಟವೆಲನ್ನು ರಸ್ತೆ ಬದಿಯ ತೊರೆಯಲ್ಲಿ ಅದ್ದಿ, ಹಿಂಡದೆ ಹಾಗೆಯೇ ತಂದು ಪಂಪಿನ ಮೇಲೆ ಹಾಕಿದರು. ಚುಂಯ್ ಎಂದು ಸದ್ದಾಗಿ ಹಬೆ ಎದ್ದಿತು. ಮೂರು ಸಲ ಅದ್ದಿ ಮೂರು ಸಲ ಹಾಕಿ, ಒಂದು ಬೀಡಿ ಸೇದಿ ಮುಗಿಸಿ, “ಈಗ ತಿರುಗಿಸಿ ಅಕ್ಕ” ಎಂದರು. ಗಾಡಿ ಹೊರಟಿತು. ಎಲ್ಲ ಸೇರಿ ಇಪ್ಪತ್ತು ನಿಮಿಷ ಆಗಿರಬಹುದು.

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ, ಜಗಲಿಯಲ್ಲಿ ಅಡಕೆ ಕತ್ತರಿಸುತ್ತಿದ್ದ ಹಿರಿಯರೊಬ್ಬರು ತಲೆಯನ್ನೂ ಎತ್ತದೆ, “ಹೆಂಗಸಿನ ಕೈಗೆ ಗಾಡಿ ಕೊಟ್ಟರೆ ಇನ್ನೇನಾಗುತ್ತದೆ” ಎಂದರು. ಗದರಿದ ಮಾತಲ್ಲ ಅದು. ಗದರಿದ್ದರೆ ನಾನೂ ಒಂದು ಮಾತು ತಿರುಗಿಸಿ ಹೇಳುತ್ತಿದ್ದೆನೋ ಏನೋ. ಅಡಕೆಯ ಚೂರು ಬೀಳುವ ಸದ್ದಿನ ಜೊತೆಗೇ ಆ ಮಾತು ಬಿದ್ದಿತು, ಅಲ್ಲಿಗೆ ಮುಗಿಯಿತು. ಆಮೇಲೆ ನಾನು ಘಾಟಿಯಲ್ಲಿ ಕಾರು ಓಡಿಸಲಿಲ್ಲ. ಬೇಡ ಎಂದು ಯಾರೂ ಹೇಳಲಿಲ್ಲ, ನಾನೇ ಬಿಟ್ಟೆ.

ಇದನ್ನು ನಿನಗೇಕೆ ಹೇಳುತ್ತಿದ್ದೇನೆಂದರೆ, ಅಂದು ನನ್ನನ್ನು ನಿಲ್ಲಿಸಿದ ಕಾರಣ ನಿನ್ನ ಕಾರನ್ನು ನಿಲ್ಲಿಸುವ ಸಂಭವ ಬಹಳ ಕಡಿಮೆ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಕರೆಂಟಿನ ಪಂಪು ಟ್ಯಾಂಕಿನೊಳಗೇ ಇರುತ್ತದೆ, ಅಲ್ಲಿಂದಲೇ ಒತ್ತಡ ಕೊಟ್ಟು ಪೆಟ್ರೋಲನ್ನು ಎಂಜಿನ್ನಿಗೆ ದೂಡುತ್ತದೆ. ಈಗಿನ ಕಾರು ಘಾಟಿಯಲ್ಲಿ ನಿಂತರೆ ಹೆಚ್ಚಾಗಿ ಸವೆದ ಕ್ಲಚ್ಚು, ಎಂಜಿನ್ ತಂಪಿಡುವ ಕೂಲೆಂಟಿನ ಸೋರಿಕೆ, ಸತ್ತ ಬ್ಯಾಟರಿ, ಒಡೆದ ಟಯರು, ಇವುಗಳಿಂದ ನಿಲ್ಲುತ್ತದೆ. ಇವೆಲ್ಲವನ್ನೂ ಕೊಳ್ಳುವ ಮೊದಲು ಒಂದು ಬೆಳಗ್ಗೆ ಕುಳಿತು ನೋಡಬಹುದು. ನೋಡಿದ ಮೇಲೂ ನಿಂತರೆ ಅದರಲ್ಲಿ ನಿನ್ನ ತಪ್ಪೇನಿದೆ? ಹೀಗೆ ಬರೆಯುವುದು ಸುಲಭ, ನಂಬುವುದು ಕಷ್ಟ ಎಂಬುದೂ ನನಗೆ ಗೊತ್ತು.

ನೀನು ಆರಿಸಿಟ್ಟ ಪೋಲೊ, ಫಿಗೊ, ಸ್ವಿಫ್ಟ್ ಎಂಬ ಮೂರು ಕಾರುಗಳ ಬಗ್ಗೆ ನನ್ನನ್ನು ಕೇಳಿದ್ದೇ ಒಂದು ತಮಾಷೆ. ಆದರೂ ಕೇಳಿದ್ದೀಯೆ ಎಂದು, ಪಕ್ಕದ ತೋಟದ ಹುಡುಗನನ್ನು ಕೂರಿಸಿಕೊಂಡು ಒಂದು ಸಂಜೆ ಕೇಳಿ ತಿಳಿದುಕೊಂಡೆ. ಅವನು ಕಾರು ರ‍್ಯಾಲಿಯ ಹುಚ್ಚಿನವನು. ಗೋಣಿಕೊಪ್ಪದ ಕಡೆ ತೋಟದ ಮಣ್ಣುರಸ್ತೆಗಳಲ್ಲಿ ರ‍್ಯಾಲಿ ನಡೆದರೆ ಕಾಫಿ ಕೊಯ್ಲನ್ನೂ ಬಿಟ್ಟು ಹೋಗುತ್ತಾನೆ. ಅವನ ಮಾತಿನಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ, ಅರ್ಥವಾದಷ್ಟನ್ನು ಬರೆಯುತ್ತೇನೆ. ಪೋಲೊ ಗಟ್ಟಿ ಕಾರು, ತಿರುವಿನಲ್ಲಿ ಕದಲುವುದಿಲ್ಲ. ಆದರೆ ನಿನ್ನ ಹಣಕ್ಕೆ ಸಿಗುವುದು ಹೆಚ್ಚಾಗಿ ಮೂರು ಸಿಲಿಂಡರಿನ, 75 ಅಶ್ವಶಕ್ತಿಯ 1.2 ಲೀಟರ್ ಪೆಟ್ರೋಲ್ ಎಂಜಿನ್ನಿನದು, ಆ ತೂಕಕ್ಕೆ ಆ ಎಂಜಿನ್ ಏರಿನಲ್ಲಿ ತುಸು ನಿಧಾನವಂತೆ. ಅವನು ಹೊಗಳುವ ಟರ್ಬೊ ಪೆಟ್ರೋಲಿನ ಒಳ್ಳೆಯ ಗಾಡಿಗೆ ನಾಲ್ಕೂವರೆ ಲಕ್ಷ ಸಾಲದಂತೆ. 2022ರಲ್ಲಿ ನಮ್ಮ ದೇಶದಲ್ಲಿ ಪೋಲೊ ತಯಾರಿಸುವುದನ್ನೇ ನಿಲ್ಲಿಸಿದ್ದಾರೆ. ಫೋರ್ಡಿನ ಫಿಗೊ 1.5 ಲೀಟರ್ ಡೀಸೆಲ್ಲಿಗೆ 100 ಅಶ್ವಶಕ್ತಿ. ಎಂಜಿನ್ ನಿಧಾನವಾಗಿ ತಿರುಗುವಾಗಲೇ ಬಲ ಬರುವುದರಿಂದ ಸಂಪಾಜೆಯ ಏರಿನಲ್ಲಿ ಗೇರು ಇಳಿಸುವ ಗೋಜೇ ಕಡಿಮೆ ಎಂದು ಹೇಳುವಾಗ ಅವನ ಕಣ್ಣು ಹೊಳೆಯುತ್ತಿತ್ತು. ಫೋರ್ಡಿನವರು 2021ರಲ್ಲಿ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸುತ್ತೇವೆ ಎಂದು ಹೇಳಿದರಲ್ಲ, ಅದಕ್ಕೇ ಆ ಕಾರು ಇಷ್ಟು ಅಗ್ಗಕ್ಕೆ ಸಿಗುತ್ತಿದೆ ಎಂಬುದು ಅವನ ವಾದ. ಬಿಡಿಭಾಗ ಈಗಲೂ ಸಿಗುತ್ತದಂತೆ, ಆದರೆ ಕಾಯಬೇಕಾಗಬಹುದು. ಸ್ವಿಫ್ಟಿಗೆ ಮಾತ್ರ ಕಾಯಬೇಕಾಗಿಲ್ಲ. 2005ರಿಂದ ಬರುತ್ತಿರುವ ಕಾರು, ಸುಂಟಿಕೊಪ್ಪದಲ್ಲಿ ಕೆಟ್ಟರೂ ಸೋಮವಾರಪೇಟೆಯಲ್ಲಿ ಕೆಟ್ಟರೂ ಅದರ ಎಂಜಿನ್ ಬಿಚ್ಚಿ ಜೋಡಿಸಬಲ್ಲವರು ಒಬ್ಬರಾದರೂ ಇರುತ್ತಾರೆ. 2018ರ ಮೇಲಿನ ಪೆಟ್ರೋಲಿನದ್ದು ಸಿಕ್ಕಿದರೆ ತೂಕ 900 ಕಿಲೋ ಆಸುಪಾಸು, ಹಗುರ ಕಾರು ತಿರುವಿಗೆ ಚೆನ್ನ ಎಂದ.

ಹೆದರಿಕೆಯನ್ನು ಮುಂದಿಟ್ಟುಕೊಂಡು ಆರಿಸಿದರೆ ಸ್ವಿಫ್ಟ್. ಆಸೆಯನ್ನು ಮುಂದಿಟ್ಟುಕೊಂಡು ಆರಿಸಿದರೂ ಸ್ವಿಫ್ಟೇ ಆಗಬಹುದು, ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ಯಾವುದನ್ನು ಮುಂದಿಟ್ಟುಕೊಂಡು ಆರಿಸಿದೆ ಎಂಬುದು ನಿನಗೆ ಗೊತ್ತಿರಲಿ, ಏಕೆಂದರೆ ನಾನು ಒಂದು ಸಲ ಅದನ್ನು ನನ್ನಿಂದಲೇ ಮುಚ್ಚಿಟ್ಟೆ.

1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿಯ ಕಾಫಿ ಗಿಡಗಳು ಕರಕಲಾದಾಗ ಇಲ್ಲಿ ನಮ್ಮ ಕಣದಲ್ಲಿದ್ದ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಆ ವರ್ಷ ಈ ಸೀಮೆಯಲ್ಲಿ ಹೊಸ ಗಾಡಿ ತಾರದ ಮನೆಯೇ ಕಡಿಮೆ. ನಿನ್ನ ದೊಡ್ಡಪ್ಪ ನನ್ನನ್ನೇ ಕೇಳಿದರು, ಮಾರುತಿಯ ಜಿಪ್ಸಿ ತರೋಣವೇ ಎಂದು. ನನಗೆ ಅದರ ಮೇಲೆ ಎಷ್ಟು ವರ್ಷಗಳಿಂದ ಕಣ್ಣಿತ್ತು ಎಂಬುದು ಅವರಿಗೆ ತಿಳಿದಿತ್ತು. 970 ಸಿ.ಸಿ.ಯ ಸಣ್ಣ ಪೆಟ್ರೋಲ್ ಎಂಜಿನ್, ನಾಲ್ಕು ಚಕ್ರಕ್ಕೂ ಎಳೆತ, ಕಕ್ಕಬೆಯ ಕಡೆಯ ಕೆಸರುದಾರಿಯಲ್ಲಿ ಆಡಿನ ಮರಿಯಂತೆ ಹತ್ತಿಹೋಗುವುದನ್ನು ನಾನು ಜೀಪಿನಲ್ಲಿ ಕುಳಿತು ನೋಡಿದ್ದೆ. ಆದರೆ ಬಾಯಿಗೆ ಬಂದದ್ದು, “ಅದೆಲ್ಲ ಬೇಡ, ದಾರಿಯಲ್ಲಿ ನಿಲ್ಲದ ಗಾಡಿಯೊಂದು ಸಾಕು” ಎಂಬ ಮಾತು. ಭಾರದ ಡೀಸೆಲ್ ಕಾರು ಬಂದಿತು, ಅದಕ್ಕೊಬ್ಬ ಡ್ರೈವರೂ ಬಂದ. ಅದೂ ನಿಂತಿತು ಮಗಳೇ. ಒಂದು ಮಳೆಗಾಲ ಬ್ಯಾಟರಿ ಇಳಿದು ಶೆಡ್ಡಿನಲ್ಲಿಯೇ ಹದಿನಾಲ್ಕು ದಿನ ಮಲಗಿತ್ತು. ಆಗ ಯಾರೂ ಯಾರನ್ನೂ ಅನ್ನಲಿಲ್ಲ, ಅದನ್ನು ಯಾರೂ ಇಷ್ಟಪಟ್ಟು ತಂದಿರಲಿಲ್ಲವಲ್ಲ.

ಕಾರಿನ ಮಾತಿಗೆ ಮತ್ತೆ ಬರುತ್ತೇನೆ. ಕೇರಳದ ಕಣ್ಣೂರಿನಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದು ಬರೆದಿದ್ದೀಯಲ್ಲ, ಆ ಕಾರಿಗೆ ಅಲ್ಲಿಯ ಆರ್‌ಟಿಒದಿಂದ ಆಕ್ಷೇಪವಿಲ್ಲ ಎಂಬ ಎನ್ಒಸಿ ಪತ್ರ ತರಬೇಕು, ಇಲ್ಲಿ ಕರ್ನಾಟಕದ ಲೈಫ್ ಟ್ಯಾಕ್ಸ್ ಬೇರೆ ಕಟ್ಟಬೇಕು. ಆ ಲೆಕ್ಕ ಹಾಕಿದ ಮೇಲೂ ಅಗ್ಗವೇ ಎಂದು ನೋಡು. ಅಲ್ಲದೆ 2018ರ ಆಗಸ್ಟಿನಲ್ಲಿ ಅಲ್ಲಿಯೂ ಇಲ್ಲಿಯೂ ಬಂದ ನೀರನ್ನು ನೀನು ಮರೆತಿರಲಾರೆ. ನೀರಿನಲ್ಲಿ ಮುಳುಗಿ ಎದ್ದ ಕಾರೂ ತೊಳೆದು ಪಾಲಿಶ್ ಮಾಡಿದರೆ ಹೊಳೆಯುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡು, ಕೆಸರಿನ ಗೆರೆ ಇದ್ದರೆ ಅಲ್ಲಿ ಸಿಗುತ್ತದೆ. ಸೀಟಿನ ಕೆಳಗಿನ ಕಂಬಿಗೆ ತುಕ್ಕು ಹಿಡಿದಿದೆಯೇ ಎಂದು ಕೈ ಹಾಕಿ ನೋಡು. ಆ ವರ್ಷ ಜೋಡುಪಾಲದ ಕಡೆ ಗುಡ್ಡ ಜರಿದು ಈ ರಸ್ತೆ ಮುಚ್ಚಿದಾಗ ಒಳ್ಳೆಯ ಕಾರೂ ಕೆಟ್ಟ ಕಾರೂ ಒಂದೇ ಸಾಲಿನಲ್ಲಿ ನಿಂತಿದ್ದವು, ಅದಕ್ಕೆ ಯಾವ ಹೆಂಗಸಿನ ಕೈಯನ್ನೂ ಯಾರೂ ದೂರಲಿಲ್ಲ. ನೋಡು, ಕಾರಿನ ಮಾತು ಎಂದು ಹೊರಟವಳು ಮತ್ತೆ ಅಲ್ಲಿಗೇ ಬಂದೆ.

ಒಂದು ವಿಷಯವನ್ನು ನಿನ್ನ ಅಮ್ಮನಿಗೂ ನಾನು ಹೇಳಿಲ್ಲ. ನೀನು ಮಂಗಳೂರಿನಲ್ಲಿ ಹುಟ್ಟಿದಾಗ ನಾನು ಬಂದದ್ದು ಹನ್ನೊಂದನೆಯ ದಿನಕ್ಕೆ. ಡ್ರೈವರ್ ಊರಿಗೆ ಹೋಗಿದ್ದ ಎಂದು ಹೇಳಿದ್ದೆ, ಅದು ನಿಜವೇ. ಆದರೆ ಕಾರು ಶೆಡ್ಡಿನಲ್ಲಿತ್ತು, ಟ್ಯಾಂಕು ತುಂಬಿತ್ತು, ಬೀಗದ ಕೈ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಹತ್ತು ದಿನವೂ ಆ ಮೊಳೆಯ ಮುಂದೆಯೇ ಓಡಾಡಿದೆ. ಎರಡನೆಯ ದಿನ ಸೀರೆ ಉಟ್ಟು, ನಿನಗೆಂದು ಹೊಲಿದಿದ್ದ ಬಟ್ಟೆಗಳನ್ನು ಚೀಲದಲ್ಲಿ ಹಾಕಿಕೊಂಡು ಶೆಡ್ಡಿನವರೆಗೆ ಹೋಗಿ, ಬಾಗಿಲು ತೆಗೆದು, ಮತ್ತೆ ಹಾಕಿ ಬಂದೆ. ಆಸ್ಪತ್ರೆಯಲ್ಲಿ ನಿನ್ನ ಅಮ್ಮ ದಿನವೂ ಬಾಗಿಲ ಕಡೆಗೇ ನೋಡುತ್ತಿದ್ದಳು ಎಂದು ಅಜ್ಜಿ ಆಮೇಲೆ ಹೇಳಿದಳು. ನಿನ್ನ ಕಾಗದದ ಆ ಅಡ್ಡಸಾಲನ್ನು ಓದಿದಾಗ ನನಗೆ ಮೊದಲು ಕಂಡದ್ದು ಆ ಮೊಳೆಯೇ.

ಆದ್ದರಿಂದ ನನ್ನ ಬುದ್ಧಿಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ನೀನೇ ತೀರ್ಮಾನಿಸು. ನಾಲ್ಕೂವರೆ ಲಕ್ಷವನ್ನೂ ಕಾರಿಗೇ ಸುರಿಯಬೇಡ, ಐವತ್ತು ಅರವತ್ತು ಸಾವಿರ ಎತ್ತಿಡು. ಹಳೆಯ ಕಾರು ಬಂದ ತಿಂಗಳೇ ಟಯರು, ಬ್ಯಾಟರಿ, ಕ್ಲಚ್ಚು ಎಂದು ಕೈ ಚಾಚುತ್ತದೆ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 3219 ಎಂದಿದ್ದರೆ 2019ನೆಯ ಇಸವಿಯ 32ನೆಯ ವಾರದಲ್ಲಿ ಮಾಡಿದ್ದು ಎಂದು ಅರ್ಥ. ಹಲ್ಲು ಚೆನ್ನಾಗಿ ಕಂಡರೂ ಅಷ್ಟು ಹಳೆಯ ರಬ್ಬರನ್ನು ನಮ್ಮ ಮಳೆಯಲ್ಲಿ ನಂಬಬೇಡ. ಪರೀಕ್ಷೆಗೆ ಓಡಿಸುವುದನ್ನು ಊರೊಳಗೆ ಮಾಡಬೇಡ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡು, ಎಂಜಿನ್ ಬೊಬ್ಬೆ ಹೊಡೆದರೂ ಗಾಡಿ ಮುಂದಕ್ಕೆ ಹೋಗದಿದ್ದರೆ ಕ್ಲಚ್ಚು ಸವೆದಿದೆ ಎಂದು ತಿಳಿ. ಎರಡನೆಯ ಗೇರಿನಲ್ಲಿ ಒಂದು ತಿರುವು ಹತ್ತುವಾಗ ನಿನಗೆ ನಗು ಬಂದರೆ ಅದನ್ನೂ ಲೆಕ್ಕಕ್ಕೆ ಸೇರಿಸು. ಸಂಪಾಜೆಯಲ್ಲಿ ನೂರರ ವೇಗ ಯಾರಿಗೂ ಬೇಕಿಲ್ಲ, ಅಲ್ಲಿ ಇರುವ ಖುಷಿಯೆಲ್ಲ ಎರಡನೆಯ ಮತ್ತು ಮೂರನೆಯ ಗೇರಿನದು. ಇಳಿಯುವಾಗ ಬ್ರೇಕಿನ ಮೇಲೆ ಕಾಲು ಊರಿಕೊಂಡು ಬರಬೇಡ, ಹತ್ತಿದ ಗೇರಿನಲ್ಲಿಯೇ ಇಳಿ, ಏರಿ ಬರುವವರಿಗೆ ದಾರಿ ಬಿಡು. ಇದೆಲ್ಲ ನಿನಗೆ ಗೊತ್ತಿರುವುದೇ, ಆದರೂ ಬರೆದೆ, ಕ್ಷಮಿಸು.

ನಿನ್ನ ಅಜ್ಜಿಯ ಮಾತೊಂದು ನಿನ್ನೆ ರಾತ್ರಿ ನೆನಪಾಯಿತು. ಆ ದಿನ ಲಾರಿಯವರು ಬೈರಾಸನ್ನು ಅದ್ದಲು ತೊರೆಗೆ ಇಳಿದಿದ್ದಾಗ ನಾನು ಕಾರಿನ ಬಾಗಿಲು ಹಿಡಿದು ಅಳುವಂತಾಗಿ ನಿಂತಿದ್ದೆ. ಪಟ್ಟಿ ಕಟ್ಟಿದ ಕಣ್ಣಿನ ಅಜ್ಜಿ ಒಳಗಿನಿಂದಲೇ, “ನಿಂತರೆ ನಿಂತಿತು ಬಿಡು, ಅಪ್ಪನ ಎತ್ತುಗಳೂ ಇದೇ ಏರಿನಲ್ಲಿ ನಿಲ್ಲುತ್ತಿದ್ದವು. ನೀರು ಹರಿಯುವ ಸದ್ದು ಕೇಳುತ್ತಿದೆ, ತಂಪಾಗಿದೆ” ಎಂದಿದ್ದಳು. ಆ ಗಾಡಿಯಲ್ಲಿ ಕುಳಿತಿದ್ದವಳು ಅವಳು. ಜಗಲಿಯಲ್ಲಿ ಕುಳಿತಿದ್ದವರ ಮಾತನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೊತ್ತುಕೊಂಡು, ಅವಳ ಮಾತನ್ನು ನಾನು ಹೇಗೆ ಮರೆತೆನೋ ತಿಳಿಯದು.

ಯಾವುದನ್ನು ತೆಗೆದುಕೊಂಡೆ ಎಂದು ಬರೆ. ಅಮ್ಮನಿಗೆ ಕೊಡಲು ಐದು ಕಿಲೋ ಕರಿಮೆಣಸು ತೂಗಿ ಇಟ್ಟಿದ್ದೇನೆ, ಹೊಸ ಕಾರಿನಲ್ಲಿ ಬಂದಾಗ ಒಯ್ಯು. ಡಿಕ್ಕಿಯಲ್ಲಿ ಹಳೆಯ ಬೈರಾಸೊಂದನ್ನು ಮಡಿಸಿ ಇಟ್ಟುಕೋ. ಈಗಿನ ಎಂಜಿನ್ನಿಗೆ ಅದರಿಂದ ಯಾವ ಉಪಕಾರವೂ ಇಲ್ಲ, ಮಂಜು ಕವಿದಾಗ ಗಾಜು ಒರೆಸಲು ಆಗುತ್ತದೆ.

ನಿನ್ನ
ದೊಡ್ಡಮ್ಮ