ಬೈಕಿನ ಕೀಲಿಕೈಯ ವಿಷಯವಾಗಿ ಅಳಿಯನಿಗೆ

ನೀರ್ಚಾಲು

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ಮದುವೆಯ ರಾತ್ರಿ ನಿನ್ನ ಕೈಯಿಂದ ಬೈಕಿನ ಕೀಲಿಕೈ ಕಿತ್ತುಕೊಂಡದ್ದಕ್ಕೆ ನೀನು ಇನ್ನೂ ಮುನಿಸಿಕೊಂಡಿರುವೆಯೆಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. "ಎರಡೇ ಬಿಯರ್, ನಾನು ಸರಿಯಾಗಿಯೇ ಇದ್ದೇನೆ ಮಾವ" ಎಂದಿದ್ದೆಯಲ್ಲ, ಮದ್ಯದ ಮಟ್ಟಿಗೆ ಕಾನೂನು ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ವಕೀಲರ ಗುಮಾಸ್ತನಾಗಿ ಕಾಸರಗೋಡಿನ ಕೋರ್ಟಿಗೆ ಮೂವತ್ತು ವರ್ಷ ಕಡತ ಹೊತ್ತವನು ನಾನು, ಬಲ್ಲೆ.

1988ರ ಮೋಟಾರು ವಾಹನ ಕಾಯಿದೆಯ 185ನೇ ಕಲಮಿನ ಪ್ರಕಾರ, ವಾಹನ ಓಡಿಸುವವನ ಅಥವಾ ಓಡಿಸಲು ಪ್ರಯತ್ನಿಸುವವನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿರುವುದು ಪರೀಕ್ಷೆಯಲ್ಲಿ ಕಂಡುಬಂದರೆ ಅದೇ ಅಪರಾಧ. ನೀನು ತೂರಾಡಿರಬೇಕೆಂದಿಲ್ಲ, ಯಾರಿಗೂ ಢಿಕ್ಕಿ ಹೊಡೆದಿರಬೇಕೆಂದಿಲ್ಲ. ಕುಡಿದದ್ದು ಶೇಂದಿಯೋ ಬ್ರಾಂದಿಯೋ ಎಂಬ ಭೇದವೂ ಇಲ್ಲ. "ಪ್ರಯತ್ನಿಸುವವನು" ಎಂಬ ಮಾತನ್ನು ಇನ್ನೊಮ್ಮೆ ಓದು. ನಮ್ಮ ಕಚೇರಿಗೆ ಬಂದ ಹುಡುಗನೊಬ್ಬ, ಗಾಡಿ ಹತ್ತು ಮಾರೂ ಚಲಿಸಿರಲಿಲ್ಲವೆಂದು ಕಣ್ಣೀರಿಟ್ಟಿದ್ದ. ಕಡತಕ್ಕೆ ಗುಂಡುಸೂಜಿಯಿಂದ ಚುಚ್ಚಿದ್ದ, ಉಸಿರು ಪರೀಕ್ಷೆಯ ಯಂತ್ರದ ಎರಡು ಬೆರಳಗಲದ ಚೀಟಿ, ಅದರ ಕೆಳಗೆ ಅವನದೇ ನಡುಗುವ ಸಹಿ, ಇವು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ. ಊದುವುದಿಲ್ಲವೆಂದು ಹಟ ಹಿಡಿದರೆ ಪಾರಾಗಬಹುದೆಂದು ನಿನ್ನ ಸ್ನೇಹಿತರು ಹೇಳಿಯಾರು, ನಂಬಬೇಡ. ತಕ್ಕ ಕಾರಣವಿಲ್ಲದೆ ನಿರಾಕರಿಸಿದ್ದನ್ನೇ ನಿನ್ನ ವಿರುದ್ಧದ ಸಾಕ್ಷ್ಯಕ್ಕೆ ಬಲವೆಂದು ನ್ಯಾಯಾಲಯ ಪರಿಗಣಿಸಬಹುದು.

ಮಾದಕ ವಸ್ತುವಿನ ವಿಷಯ ಬೇರೆ. ಅಲ್ಲಿ 30 ಎಂಬಂಥ ಅಂಕಿಯಿಲ್ಲ. ವಾಹನದ ಮೇಲೆ ಸರಿಯಾದ ಹಿಡಿತ ಇಟ್ಟುಕೊಳ್ಳಲಾಗದಷ್ಟು ಅಮಲು ಏರಿತ್ತೇ ಎಂಬುದೇ ಪ್ರಶ್ನೆ. ಅಂಕಿಯಿಲ್ಲದ ಕಡೆ ಸಂದಿಯಿದೆ ಎಂದು ಬಗೆಯಬೇಡ, ಏಕೆಂದರೆ ಗಾಂಜಾ ಸೇವಿಸಿದ್ದೇ 1985ರ ಮಾದಕ ದ್ರವ್ಯ ಕಾಯಿದೆಯಡಿ ಪ್ರತ್ಯೇಕ ಅಪರಾಧ.

185ನೇ ಕಲಮಿನಡಿ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸಜೆ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೊಮ್ಮೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಸಜೆ, ಇಲ್ಲವೇ 15,000 ದಂಡ, ಇಲ್ಲವೇ ಎರಡೂ. 2019ರ ತಿದ್ದುಪಡಿಗೆ ಮುಂಚೆ ದಂಡ ಇಷ್ಟಿರಲಿಲ್ಲ. ಕರ್ನಾಟಕ-ಕೇರಳ ಗಡಿಯ ತಲಪಾಡಿಯ ಆಚೆಗೂ ಈಚೆಗೂ ಕಾಯಿದೆ ಒಂದೇ, ಆದ್ದರಿಂದ ಮಂಗಳೂರಿನಲ್ಲಿ ಕುಡಿದು ಗಡಿ ದಾಟಿದರೆ ಸಾಕೆಂಬ ಲೆಕ್ಕಾಚಾರ ನಡೆಯದು. ಇದೆಲ್ಲ ಯಾರಿಗೂ ಗಾಯವಾಗದಿದ್ದಾಗಿನ ಮಾತು. ನಿರ್ಲಕ್ಷ್ಯದಿಂದ ಒಂದು ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಸಜೆಯಾಗಬಹುದು. 2006ರಲ್ಲಿ ಮುಂಬಯಿಯಲ್ಲಿ ಕುಡಿದು ಕಾರೋಡಿಸಿ, ರಸ್ತೆ ಬದಿಯಲ್ಲಿ ಮಲಗಿದ್ದ ಏಳು ಮಂದಿ ಕೂಲಿಕಾರರ ಸಾವಿಗೆ ಕಾರಣನಾದವನ ಪ್ರಕರಣದಲ್ಲಿ, ಅದು ಬರಿಯ ನಿರ್ಲಕ್ಷ್ಯವಲ್ಲ, ಕೊಲೆಯಲ್ಲದ ದಂಡನೀಯ ನರಹತ್ಯೆಯೂ ಹೌದೆಂದು ಸುಪ್ರೀಂ ಕೋರ್ಟು 2012ರಲ್ಲಿ ಎತ್ತಿಹಿಡಿಯಿತು. ಆ ಏಳು ಮಂದಿಯನ್ನು ನೆನೆದರೆ ನನಗೆ ಸಜೆಯ ಲೆಕ್ಕವೇ ಮರೆತುಹೋಗುತ್ತದೆ ಮಗೂ.

ಕೀಲಿಕೈ ದೇವರ ಕೋಣೆಯ ಗೂಡಿನಲ್ಲಿದೆ. ಬೈಕನ್ನು ಒಯ್ಯಲು ಆದಿತ್ಯವಾರ ಹಗಲು ಬಸ್ಸಿನಲ್ಲಿ ಬಾ, ಬದಿಯಡ್ಕಕ್ಕೆ ನಾನೇ ಬಂದು ನಿಲ್ಲುತ್ತೇನೆ.

ಇತಿ ನಿನ್ನ ಮಾವ