ಸಹಕಾರಿ ಮನೆಗೆ ‘ನಮ್ಮಂಥವರು’ ಮಾತ್ರ ಸಾಕೇ?

ಮಾನ್ಯ ಸಂಪಾದಕರೇ,

ಹಲವರು ಸೇರಿ ಸಂಘ ಕಟ್ಟಿಕೊಂಡು ಒಂದೇ ಸೂರಿನಡಿ ಬಾಳುವ ಸಹಕಾರಿ ಮನೆಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಖರ್ಚು ಕಡಿಮೆ, ಒಂಟಿತನದ ಕಾಟವಿಲ್ಲ, ಮನೆಕೆಲಸ ಹಂಚಿಹೋಗುತ್ತದೆ ಎಂದೆಲ್ಲ ಇತ್ತು. ಸುಳ್ಳೇನಲ್ಲ. ಆದರೆ ಮನಸ್ಸಿಗೆ ಹಿಡಿಸುವ ಜನ ಸಿಕ್ಕಿಬಿಟ್ಟರೆ ಸಾಕು, ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎನ್ನುವ ಧಾಟಿ ಲೇಖನದ ಉದ್ದಕ್ಕೂ ಇದೆ. ನನ್ನ ತಕರಾರು ಅದಕ್ಕೆ.

ನಾನು ಇಂಥದೇ ಒಂದು ಮನೆಯಲ್ಲಿದ್ದೇನೆ. ಒಂಬತ್ತು ಜನ, ಒಂದು ಅಡುಗೆಮನೆ, ಎರಡು ಬಚ್ಚಲು. ಸದ್ಯಕ್ಕೆ ಖಜಾಂಚಿಯೂ ನಾನೇ. ಲೆಕ್ಕ ಬರೆಯಲು ಬೇರೆ ಯಾರೂ ಮುಂದೆ ಬರಲಿಲ್ಲ, ಅಷ್ಟೇ. ಹೊಟ್ಟೆಪಾಡಿಗೆ ಆಸ್ಪತ್ರೆಯ ಲ್ಯಾಬ್‌ನಲ್ಲಿ ಪಾಳಿ ಕೆಲಸ. ಉಳಿದವರು ಎದ್ದು ಓಡಾಡುವ ಹೊತ್ತಿಗೆ ನಾನು ಮಲಗುವುದು.

ಇಲ್ಲಿಗೆ ಬರುವ ಮೊದಲು ಇನ್ನೊಂದು ಸಹಕಾರಿ ಮನೆಗೆ ಅರ್ಜಿ ಹಾಕಿದ್ದೆ. ಎಲ್ಲರೂ ನಗುನಗುತ್ತಾ ಮಾತಾಡಿಸಿದರು. ಮನೆಯೆಲ್ಲ ತೋರಿಸಿದರು. ಆಮೇಲೆ, ನೀವು ಒಳ್ಳೆಯವರೇ, ಆದರೆ ಯಾಕೋ ನಮ್ಮ ಜೊತೆ ಹೊಂದಿಕೆ ಆಗಲ್ಲ ಅನಿಸುತ್ತೆ ಅಂದರು. ಏನು ಹೊಂದಲಿಲ್ಲ ಎಂದು ಕೇಳಿದರೆ ಉತ್ತರ ಇಲ್ಲ. ಅಲ್ಲಿದ್ದವರೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಒಂದೇ ಬಗೆಯ ಓದು, ಒಂದೇ ಬಗೆಯ ನೌಕರಿ, ನಗುವ ಜೋಕುಗಳೂ ಒಂದೇ. ಆ ಮನೆ ಈಗಲೂ ಇದೆ, ಚೆನ್ನಾಗಿಯೇ ನಡೆಯುತ್ತಿದೆಯಂತೆ. ನನಗೇನೂ ಹೊಟ್ಟೆಯುರಿ ಇಲ್ಲ. ಆದರೆ ಕಾರಣ ಹೇಳದೆ ಬಾಗಿಲು ಹಾಕುವುದಾದರೆ ಅದಕ್ಕೆ ಸಹಕಾರಿ ಎಂಬ ಹೆಸರು ಯಾಕೆ ಬೇಕು?

ಲೇಖನದಲ್ಲಿ ಒಂದು ವಿಷಯ ತೇಲಿಹೋಗಿದೆ. ಇಂಥ ಮನೆಗೂ ಸುಮ್ನೆ ನಾಲ್ಕು ಜನ ಸೇರಿ ಬಾಡಿಗೆ ಹಂಚಿಕೊಳ್ಳುವುದಕ್ಕೂ ತುಂಬಾ ವ್ಯತ್ಯಾಸವಿದೆ. ಇಲ್ಲಿ ಬೇರೆ ಮಾಲೀಕ ಇರುವುದಿಲ್ಲ. ಮನೆ ಸಂಘದ್ದು, ಸಂಘ ಅಲ್ಲಿ ವಾಸವಿರುವವರದು. ಸೇರುವಾಗ ಷೇರು ಹಣ ಕಟ್ಟುತ್ತೀರಿ, ಬಿಡುವಾಗ ಅಷ್ಟೇ ವಾಪಸ್ಸು ಪಡೆಯುತ್ತೀರಿ. ಮನೆಯ ಬೆಲೆ ಏರಿದೆ, ನನಗೂ ಪಾಲು ಕೊಡಿ ಎನ್ನುವಂತಿಲ್ಲ. ಎಲ್ಲ ಸಹಕಾರಿ ಮನೆಗಳೂ ಹೀಗೇ ಅಲ್ಲ, ಕೆಲವು ಕಡೆ ಪಾಲನ್ನು ಮಾರಬಹುದು. ಆದರೆ ನಮ್ಮಂಥ ಮನೆಗಳಲ್ಲಿ ಖರ್ಚು ಕಡಿಮೆ ಇರುವುದಕ್ಕೆ ದೊಡ್ಡ ಕಾರಣವೇ ಇದು. ಯಾರಿಗೂ ಲಾಭ ಹೋಗುವುದಿಲ್ಲ. ತಿಂಗಳ ಹಣ ಸಾಲದ ಕಂತಿಗೆ, ತೆರಿಗೆಗೆ, ವಿಮೆಗೆ, ರಿಪೇರಿ ನಿಧಿಗೆ ಹೋಗುತ್ತದೆ. ನಲ್ಲಿ ಕೆಟ್ಟರೆ ಬೈಯಲು ಓನರ್ ಇಲ್ಲ, ನೀವೇ ಓನರ್. ಒಳಗೆ ಬಂದ ಮೇಲೆ ಜಾಸ್ತಿ ಜನಕ್ಕೆ ಇರಿಸುಮುರಿಸು ಆಗುವುದು ಇಲ್ಲೇ.

ಸಹಕಾರ ಸಂಘಗಳಲ್ಲಿ ಒಬ್ಬರಿಗೆ ಒಂದೇ ಮತ ಎಂಬ ನಿಯಮ ಹಳೆಯದು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರೂ ಬೇರೆ ಕೆಲಸಗಾರರೂ ಸೇರಿ ಸಹಕಾರಿ ಅಂಗಡಿ ತೆರೆದರಲ್ಲ, ಆ ಕಾಲದಿಂದ ಬಂದದ್ದು. ಹಣ ಎಷ್ಟೇ ಹಾಕಿರಲಿ, ಕೈ ಎತ್ತುವಾಗ ಎಲ್ಲರೂ ಸಮ. 1995ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಏಳು ತತ್ವಗಳನ್ನು ಹೊಸದಾಗಿ ಬರೆದಿಟ್ಟಿತು. ಮೊದಲನೆಯದೇ ಸದಸ್ಯತ್ವದ ಬಗ್ಗೆ. ಸದಸ್ಯರ ಹೊಣೆ ಹೊರಲು ಒಪ್ಪುವ ಯಾರಿಗೇ ಆಗಲಿ ಬಾಗಿಲು ತೆರೆದಿರಬೇಕು, ಲಿಂಗ, ಜನಾಂಗ, ಧರ್ಮ, ರಾಜಕೀಯ, ಸಾಮಾಜಿಕ ಅಂತಸ್ತು ನೋಡಬಾರದು ಎನ್ನುತ್ತದೆ ಅದು. ಹೊಣೆ ಹೊರುತ್ತೀರಾ ಎಂದಷ್ಟೇ ಕೇಳುತ್ತದೆ. ಸ್ನೇಹಿತರಾಗುತ್ತೀರಾ ಎಂದು ಕೇಳುವುದಿಲ್ಲ.

ಅಂಗಡಿಗೆ ಸಾವಿರ ಸದಸ್ಯರು ಇರಬಹುದು, ಮನೆಯಲ್ಲಿ ಖಾಲಿಯಾಗುವುದು ಒಂದೇ ಕೋಣೆ ಅಲ್ವಾ ಎಂದು ನೀವು ಕೇಳಬಹುದು. ನಿಜ. ಏಳು ಅರ್ಜಿ ಬಂದರೆ ಆರು ಜನರಿಗೆ ಇಲ್ಲ ಅನ್ನಲೇಬೇಕು. ಆಯ್ಕೆ ಬೇಡ ಎಂದು ನಾನು ಹೇಳುತ್ತಿಲ್ಲ. ಯಾವುದನ್ನು ನೋಡಿ ಆರಿಸುತ್ತೀರಿ ಎಂಬುದು ನನ್ನ ಪ್ರಶ್ನೆ.

ನಮ್ಮ ಮನೆಯಲ್ಲಿ ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟಿದ್ದೇವೆ. ಬಂದವರಿಗೆಲ್ಲ ಅವೇ ಪ್ರಶ್ನೆ. ತಿಂಗಳ ಹಣ ತಡವಾಗುತ್ತದೆ ಎಂದು ಗೊತ್ತಾದರೆ ಯಾವಾಗ, ಯಾರಿಗೆ ಹೇಳುತ್ತೀರಿ? ಜೊತೆಯಲ್ಲಿ ಇದ್ದವರ ಮೇಲೆ ಸಿಟ್ಟು ಬಂದಾಗ ಏನು ಮಾಡಿದ್ದೀರಿ? ನಿಮಗೆ ಇಷ್ಟವಿಲ್ಲದ ತೀರ್ಮಾನ ಸಭೆಯಲ್ಲಿ ಆದರೆ? ಯಾವ ಕೆಲಸ ನಿಮಗೆ ಆಗುವುದೇ ಇಲ್ಲ? ಕೊನೆಯದಕ್ಕೆ ಯಾವುದೂ ಇಲ್ಲ, ಎಲ್ಲ ಮಾಡ್ತೀನಿ ಎನ್ನುವವರ ಬಗ್ಗೆ ನನಗೆ ಸ್ವಲ್ಪ ಅನುಮಾನ. ಬೆನ್ನುನೋವಿದೆ, ನೆಲ ಒರೆಸಲು ಆಗಲ್ಲ, ಬದಲಿಗೆ ಲೆಕ್ಕ ನೋಡಿಕೊಳ್ತೀನಿ ಎನ್ನುವವರು ವಾಸಿ. ಅರ್ಜಿ ಹಾಕಿದವರು ಒಂದು ಸಭೆಯಲ್ಲಿ ಕೂರಬೇಕು, ಒಂದು ಸಂಜೆ ನಮ್ಮ ಜೊತೆ ಕೆಲಸ ಮಾಡಬೇಕು. ಆಯ್ಕೆಯಾದರೆ ಮೂರು ತಿಂಗಳು ಪರೀಕ್ಷೆಯ ಕಾಲ. ಪರೀಕ್ಷೆ ಅವರಿಗೆ ಮಾತ್ರವಲ್ಲ, ನಮಗೂ.

ಇನ್ನೊಂದು ಕಟ್ಟುನಿಟ್ಟು ಇದೆ. ಯಾರಾದರೂ ಬೇಡ ಎಂದರೆ ಕಾರಣವನ್ನು ಆ ಪ್ರಶ್ನೆಗಳಲ್ಲಿ ಒಂದಕ್ಕೆ ಹೊಂದಿಸಿ ಹೇಳಬೇಕು. ಯಾಕೋ ಅನಿಸಿತು ಎಂಬುದು ನಡೆಯುವುದಿಲ್ಲ. ನಿವೃತ್ತರೊಬ್ಬರು ಬಂದಿದ್ದರು. ಮಾತು ಬಹಳ ಕಡಿಮೆ. ಪ್ರಶ್ನೆ ಕೇಳಿದರೆ ಒಂದು ವಾಕ್ಯ, ಮತ್ತೆ ಮೌನ. ನಮ್ಮಲ್ಲಿ ಮೂವರಿಗೆ ಇವರು ಬೇಡವೇ ಬೇಡ ಅನಿಸಿತು. ಏಕೆ ಎಂದರೆ ಮುಖ ಮುಖ ನೋಡಿಕೊಂಡರು. ಹಣದ ವಿಷಯದಲ್ಲಿ ಅವರ ಉತ್ತರ ಸರಿಯಿತ್ತು. ಜಗಳದ ಪ್ರಶ್ನೆಗೂ ಸರಿಯಿತ್ತು. ಕೆಲಸದ ಸಂಜೆ ತಮ್ಮ ಪಾಲಿನದು ಮುಗಿಸಿ, ಸಿಂಕ್‌ನ ಜಾಲರಿ ತೆಗೆದು ತಿಕ್ಕಿ ಒಣಗಲು ಇಟ್ಟಿದ್ದರು. ಸೇರಿಸಿಕೊಂಡೆವು. ಈಗ ನೀರಿನ ಮೀಟರ್, ಕರೆಂಟ್ ಮೀಟರ್ ಓದಿ ಬರೆಯುವುದು ಅವರೇ. ಮಾತು ಈಗಲೂ ಕಡಿಮೆ. ಆ ಮೂವರಲ್ಲಿ ಒಬ್ಬರಿಗೂ ಅವರಿಗೂ ಇವತ್ತಿಗೂ ಅಷ್ಟಕ್ಕಷ್ಟೇ. ಅದಕ್ಕೇನಂತೆ? ಇಬ್ಬರೂ ಪಾಳಿ ತಪ್ಪಿಸುವುದಿಲ್ಲ.

ಒಬ್ಬರೇ ಬೇಡ ಎಂದರೂ ಅರ್ಜಿ ಬಿದ್ದುಹೋಗುವ ಪದ್ಧತಿಯನ್ನು ಲೇಖನ ಮೆಚ್ಚಿಕೊಂಡಿದೆ. ಎಲ್ಲರ ಮಾತಿಗೂ ಬೆಲೆ ಸಿಗುತ್ತದೆ ಎಂಬ ವಾದ. ಗೋಡೆಗೆ ಯಾವ ಬಣ್ಣ, ಛಾವಣಿ ಯಾವಾಗ ರಿಪೇರಿ ಎಂಬ ವಿಷಯಕ್ಕೆ ಎಲ್ಲರ ಒಪ್ಪಿಗೆ ಇರಲಿ, ತಡವಾದರೂ ಪರವಾಗಿಲ್ಲ. ಜನರನ್ನು ಆರಿಸುವಾಗ ಮಾತ್ರ ಈ ಒಂಟಿ ತಡೆ ಅಪಾಯ. ಬೇರೆ ಜಾತಿ, ಬೇರೆ ಧರ್ಮ, ಬೇರೆ ಉಚ್ಚಾರ, ಮಗು ಇರುವ ಒಂಟಿ ತಾಯಿ, ಗಾಲಿಕುರ್ಚಿಯಲ್ಲಿ ಬರುವವರು, ಎಲ್ಲರನ್ನೂ ‘ಹೊಂದಿಕೆ ಇಲ್ಲ’ ಎಂಬ ಎರಡೇ ಪದದಲ್ಲಿ ಹೊರಗಿಡಬಹುದು. ಯಾರೂ ಕೇಳುವುದಿಲ್ಲ. ಹೇಳಿದವರಿಗೂ ತಾವೇನು ಮಾಡಿದೆವು ಎಂದು ಗೊತ್ತಾಗದೇ ಹೋಗಬಹುದು. ಒಂದು ವಿನಾಯಿತಿ ಇಟ್ಟುಕೊಂಡಿದ್ದೇವೆ. ಯಾರಿಗಾದರೂ ನಿಜವಾಗಿ ಭಯವಿದ್ದರೆ, ಹಳೆಯ ಹಿಂಸೆಯ ನೆನಪಿದ್ದರೆ, ಅದನ್ನು ಎಲ್ಲರೆದುರು ಬಿಚ್ಚಿಡಬೇಕಿಲ್ಲ. ಸಭೆ ಆರಿಸಿದ ಇಬ್ಬರಿಗೆ ಗುಟ್ಟಾಗಿ ಹೇಳಿದರೆ ಸಾಕು.

ಮನಸ್ಸು ಹೊಂದಿದರೆ ಕೆಲಸ ತಾನಾಗಿ ಆಗುತ್ತದೆಯೇ? ನಮ್ಮ ಅಡುಗೆಮನೆ ಬಾಗಿಲ ಹಿಂದೆ ಒಂದು ಹಲಗೆ ಇದೆ. ಒಂಬತ್ತು ಮೊಳೆ, ಪ್ರತಿ ಮೊಳೆಯ ಕೆಳಗೆ ಒಂದು ಹೆಸರು. ಕೆಲಸದ ಹೆಸರು ಬರೆದ ತಗಡಿನ ಬಿಲ್ಲೆಗಳು ಅದರಲ್ಲಿ ನೇತಾಡುತ್ತವೆ. ಭಾನುವಾರ ಎಲ್ಲ ಬಿಲ್ಲೆಯೂ ಒಂದು ಮೊಳೆ ಮುಂದಕ್ಕೆ ಹೋಗುತ್ತದೆ. ಕೆಲಸ ಮುಗಿಸಿದವರು ಬಿಲ್ಲೆಯನ್ನು ತಿರುಗಿಸಿ ಹಾಕಬೇಕು. ‘ಬಚ್ಚಲು’ ಎಂಬ ಬಿಲ್ಲೆ ಸುಮಾರು ದಿನ ಶನಿವಾರ ರಾತ್ರಿವರೆಗೂ ಮುಖ ತೋರಿಸಿಕೊಂಡೇ ಇರುತ್ತಿತ್ತು. ಆಗ ನಮ್ಮೊಳಗೆ ಸ್ನೇಹವೇನೂ ಕಡಿಮೆ ಇರಲಿಲ್ಲ! ಆಮೇಲೆ ಸಭೆಯಲ್ಲಿ ಕೂತು, ಬಚ್ಚಲು ತೊಳೆದವರಿಗೆ ಆ ವಾರ ಕಸದ ಕೆಲಸವಿಲ್ಲ ಎಂದು ಬರೆದುಕೊಂಡೆವು. ಈಗ ಬುಧವಾರದೊಳಗೆ ಬಿಲ್ಲೆ ತಿರುಗಿರುತ್ತದೆ. 1933ರಲ್ಲಿ, ಆರ್ಥಿಕ ಕುಸಿತದ ಕಷ್ಟಕಾಲದಲ್ಲಿ, ಅಮೆರಿಕದ ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳು ಸಹಕಾರಿ ವಸತಿ ಶುರುಮಾಡಿದರು. ಅಲ್ಲಿ ಇಂದಿಗೂ ವಾರಕ್ಕೆ ಇಷ್ಟು ಗಂಟೆ ಕೆಲಸ ಎಂದು ಲೆಕ್ಕ ಇಡುತ್ತಾರೆ. ಒಳ್ಳೆಯ ಮನಸ್ಸೊಂದನ್ನೇ ನಂಬಿದ್ದರೆ ಇಷ್ಟು ವರ್ಷ ಬಾಳುತ್ತಿತ್ತೇ, ನನಗೆ ಅನುಮಾನ.

ಸೇರಬೇಕು ಎಂದುಕೊಂಡಿರುವ ಓದುಗರಿಗೂ ಒಂದು ಮಾತು. ಕೋಣೆಯ ಕಿಟಕಿ ಎಷ್ಟು ದೊಡ್ಡದು ಎಂದು ಆಮೇಲೆ ನೋಡಿ. ಮೊದಲು ಲೆಕ್ಕ ಕೇಳಿ. ರಿಪೇರಿ ನಿಧಿಯಲ್ಲಿ ಎಷ್ಟಿದೆ, ಛಾವಣಿ ಸೋರಿದರೆ ಅದು ಸಾಲುತ್ತದೆಯೇ? ಯಾರಾದರೂ ಹಣ ಬಾಕಿ ಉಳಿಸಿದ್ದಾರೆಯೇ, ಅದಕ್ಕೆ ಏನು ಮಾಡಿದ್ದೀರಿ? ಕಳೆದ ವರ್ಷದ ಸಭೆಗಳ ನಡಾವಳಿ ಪುಸ್ತಕ ಕೊಡಿ ಎಂದು ಕೇಳಿ. ಅದನ್ನು ಓದಿದರೆ ಮನೆಯ ಬಣ್ಣ ಗೊತ್ತಾಗುತ್ತದೆ. ಒಂದೇ ವಿಷಯ ಐದು ಸಭೆಯಲ್ಲಿ ಬಂದು ತೀರ್ಮಾನವಾಗದೆ ಉಳಿದಿದ್ದರೆ ಅಲ್ಲಿ ಏನೋ ಕೊಳೆಯುತ್ತಿದೆ. ಇತ್ತೀಚೆಗೆ ಬಿಟ್ಟುಹೋದವರು ಯಾಕೆ ಹೋದರು ಎಂದೂ ಕೇಳಿ, ಸಾಧ್ಯವಾದರೆ ಅವರನ್ನೇ ಕೇಳಿ. ನನ್ನ ಷೇರು ಹಣ ಬಿಟ್ಟ ಎಷ್ಟು ದಿನಕ್ಕೆ ವಾಪಸ್ಸು ಬರುತ್ತದೆ? ಒಬ್ಬರನ್ನು ಹೊರಗೆ ಕಳಿಸಬೇಕಾದರೆ ಕ್ರಮ ಏನು? ನಮ್ಮಲ್ಲಿ ಅಂಥದ್ದೆಲ್ಲ ಬರಲ್ಲ ಎಂದರೆ, ಬಂದ ದಿನ ಅವರಿಗೂ ದಿಕ್ಕು ತೋಚುವುದಿಲ್ಲ ಎಂದೇ ಅರ್ಥ. ಇಷ್ಟು ಕೇಳಿದ್ದಕ್ಕೆ ಮುಖ ಗಂಟು ಹಾಕಿಕೊಳ್ಳುವ ಮನೆಯನ್ನು ಬಿಟ್ಟುಬಿಡಿ.

ಜಾಗ ಯಾರ ಹೆಸರಲ್ಲಿದೆ, ಮಾರಲು ಯಾರಿಗೆ ಹಕ್ಕಿದೆ ಎಂಬುದನ್ನೂ ಮರೆಯಬೇಡಿ. ಜರ್ಮನಿಯಲ್ಲಿ ಮೀಟ್ಸ್‌ಹಾಯ್ಸರ್ ಸಿಂಡಿಕಾಟ್ ಎಂಬ ಒಕ್ಕೂಟವಿದೆ. ಅದರ ಪ್ರತಿ ಮನೆಗೂ ಒಂದು ಸಣ್ಣ ಕಂಪನಿ ಇರುತ್ತದೆ. ಅದಕ್ಕೆ ಎರಡೇ ಪಾಲುದಾರರು. ಒಂದು ವಾಸವಿರುವವರ ಸಂಘ, ಇನ್ನೊಂದು ಆ ಒಕ್ಕೂಟ. ಇಬ್ಬರೂ ಒಪ್ಪದೆ ಮನೆ ಮಾರುವಂತಿಲ್ಲ. ಹಾಗಾಗಿ ಈಗ ಇರುವವರು ದುಡ್ಡಿನ ಆಸೆಗೆ ಬಿದ್ದು ಮಾರಿಕೊಂಡು ಹೋಗಿ, ಮುಂದೆ ಬರುವವರಿಗೆ ಏನೂ ಉಳಿಯದಂತೆ ಮಾಡಲು ಆಗುವುದಿಲ್ಲ. ಇಂಥ ಬೀಗ ಇಲ್ಲದ ಮನೆ ಕೆಟ್ಟದ್ದೆಂದಲ್ಲ. ಇದೆಯೋ ಇಲ್ಲವೋ ತಿಳಿದು ಸೇರಿ.

ಇಷ್ಟೆಲ್ಲ ನಿಯಮ ಇದ್ದರೆ ಅದು ಮನೆಯೋ ಕಚೇರಿಯೋ ಎಂದು ನನ್ನ ತಂಗಿ ಕೇಳುತ್ತಾಳೆ. ರಾತ್ರಿ ಪಾಳಿ ಮುಗಿಸಿ ಮಲಗಿದಾಗ ಮೆಟ್ಟಿಲ ಮೇಲೆ ಯಾರೂ ಧಡಧಡ ಓಡದಿರುವುದು ಅಂಥ ಒಂದು ನಿಯಮದಿಂದಲೇ. ನನ್ನ ಮೇಲಿನ ಪ್ರೀತಿಯಿಂದ ಅಲ್ಲ.

ಮುಂದೆ ಇಂಥ ಲೇಖನ ಮಾಡಿಸುವಾಗ ಮನೆಯೊಳಗೆ ಇರುವವರನ್ನಷ್ಟೇ ಮಾತಾಡಿಸಬೇಡಿ. ಅರ್ಜಿ ಹಾಕಿ ಕೋಣೆ ಸಿಗದವರು ನಾಲ್ಕೈದು ಜನರನ್ನಾದರೂ ಹುಡುಕಿ. ಅವರಿಗೆ ಯಾವ ಕಾರಣ ಹೇಳಿ ಕಳಿಸಿದರು ಎಂದು ಕೇಳಿ, ಅವರು ಹೇಳಿದ್ದನ್ನೂ ಅಚ್ಚು ಹಾಕಿ.

ಇಂತಿ,
ಸಹಕಾರಿ ಮನೆಯೊಂದರ ಖಜಾಂಚಿ